ಮೂರು ಗೀಟು, ಮುಕ್ಕಾಲು ವರಹ

1623ರ ನವೆಂಬರ್ ತಿಂಗಳು. ಹೊನ್ನಾವರದಿಂದ ಹೊಳೆಯ ದಾರಿ ಹಿಡಿದು ಗೇರುಸೊಪ್ಪೆಗೆ ಬಂದ ಒಂದು ಪರಿವಾರ ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೊರಟಿತ್ತು. ಗೋವೆಯ ಪೋರ್ಚುಗೀಸರು ಕೆಳದಿಯ ಹಿರಿಯ ವೆಂಕಟಪ್ಪ ನಾಯಕನ ಬಳಿಗೆ ಕಳಿಸಿದ ರಾಯಭಾರಿಯ ಪರಿವಾರ ಅದು. ಅವರ ಜೊತೆಗೆ, ಯಾವ ರಾಜಕಾರ್ಯವೂ ಇಲ್ಲದೆ ದೇಶ ನೋಡುವುದಕ್ಕೆಂದೇ ಬಂದ ಒಬ್ಬನಿದ್ದ. ಹೆಸರು ಪಿಯೆತ್ರೊ ದೆಲ್ಲಾ ವಾಲ್ಲೆ. ಹುಟ್ಟಿದ್ದು 1586ರಲ್ಲಿ, ರೋಮ್ ನಗರದಲ್ಲಿ.

ಘಟ್ಟದ ದಾರಿಯಲ್ಲಿ ತಂಗಿದ್ದಾಗ ದೇವಸ್ಥಾನದ ಜಗಲಿಯಲ್ಲಿ ನಾಲ್ಕು ಹುಡುಗರು ಲೆಕ್ಕ ಕಲಿಯುವುದನ್ನು ಅವನು ಕಂಡ. ಗುರುಗಳು ಅಲ್ಲಿರಲಿಲ್ಲ. ಕಾಗದವಿಲ್ಲ, ಲೇಖನಿಯಿಲ್ಲ. ನೆಲದ ತುಂಬ ನುಣುಪು ಮರಳು ಹರಡಿತ್ತು. ಒಬ್ಬ ಹುಡುಗ ಪಾಠದ ಒಂದು ತುಂಡನ್ನು ರಾಗವಾಗಿ ಹೇಳುತ್ತ ಬೆರಳಿನಿಂದ ಮರಳ ಮೇಲೆ ಅಂಕಿ ಬರೆಯುತ್ತಿದ್ದ. ಉಳಿದ ಮೂವರೂ ಅದನ್ನೇ ಹಾಡುತ್ತ ಅದನ್ನೇ ಬರೆಯುತ್ತಿದ್ದರು. ನೆಲ ಅಂಕಿಗಳಿಂದ ತುಂಬಿದರೆ ಕೈಯಿಂದ ಒರೆಸುವುದು, ಬೇಕಾದರೆ ಪಕ್ಕದ ಗುಪ್ಪೆಯಿಂದ ಹೊಸ ಮರಳು ಎಳೆದುಕೊಳ್ಳುವುದು. ಅವನ ಬರಹ ಓದಿದರೆ, ಅವನ ಕಿವಿಗೆ ಬಿದ್ದದ್ದು ಒಂದೊಂದ್ಲ ಒಂದು, ಎರಡೊಂದ್ಲ ಎರಡು ಎಂಬ ಮಗ್ಗಿಯೇ ಇರಬೇಕೆಂದು ಯಾವ ಕನ್ನಡ ಓದುಗನಿಗೂ ಅನ್ನಿಸುತ್ತದೆ. ತಪ್ಪಿದರೆ ತಿದ್ದುವವರು ಯಾರು ಎಂದು ಅವನು ಕೇಳಿದ್ದಕ್ಕೆ, ನಾಲ್ಕು ಜನರೂ ಒಂದೇ ಕಡೆ ಮರೆಯುವುದು ಸಾಧ್ಯವೇ ಇಲ್ಲ ಎಂಬ ಉತ್ತರ ಬಂತು. ಆ ಮಾತು ಅವನಿಗೆ ಬಹಳ ಹಿಡಿಸಿತು. ಸುಲಭವೂ ಭದ್ರವೂ ಆದ ಕಲಿಕೆ ಎಂದು ಊರಿಗೆ ಬರೆದ ಕಾಗದದಲ್ಲಿ ಮೆಚ್ಚಿಕೊಂಡ.

ರೋಮಿನವನೊಬ್ಬ ಮಲೆನಾಡಿನ ಅಂಚಿನಲ್ಲಿ ಕೂತು ಈ ನೆಲದ ಮಕ್ಕಳು ಅಂಕಿ ಬರೆಯುವುದನ್ನು ಕಣ್ಣರಳಿಸಿ ನೋಡಿದ ಈ ಗಳಿಗೆ ಅಪರೂಪದ್ದು. ರೋಮನ್ ಅಂಕಿಯ ಕಥೆಯನ್ನೂ ಸಾಗರ, ಹೊಸನಗರ, ತೀರ್ಥಹಳ್ಳಿಯ ಲೆಕ್ಕದ ಕಥೆಯನ್ನೂ ಒಟ್ಟಿಗೆ ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಸಿಗದು.

ಅವನ ಊರಿನ ಪ್ರಾಚೀನ ಬರಹದಲ್ಲಿ ಅಂಕಿಗೆ ಬೇರೆ ಚಿಹ್ನೆ ಇರಲಿಲ್ಲ, ಏಳು ಅಕ್ಷರಗಳೇ ಎಲ್ಲ ಕೆಲಸ ಮಾಡುತ್ತಿದ್ದವು. ಒಂದಕ್ಕೆ ಐ, ಐದಕ್ಕೆ ವಿ, ಹತ್ತಕ್ಕೆ ಎಕ್ಸ್, ಐವತ್ತಕ್ಕೆ ಎಲ್, ನೂರಕ್ಕೆ ಸಿ, ಐನೂರಕ್ಕೆ ಡಿ, ಸಾವಿರಕ್ಕೆ ಎಂ. ದೊಡ್ಡದು ಮೊದಲು, ಚಿಕ್ಕದು ಆಮೇಲೆ; ಎಲ್ಲವನ್ನೂ ಕೂಡಿದರೆ ಸಂಖ್ಯೆ. ಅವನು ಇಕ್ಕೇರಿಗೆ ಬಂದ 1623 ಎಂಬ ವರ್ಷವನ್ನು ಹಾಗೆ ಬರೆಯಬೇಕೆಂದರೆ ಎಂ, ಡಿ, ಸಿ, ಎಕ್ಸ್, ಎಕ್ಸ್, ಐ, ಐ, ಐ ಎಂದು ಎಂಟು ಅಕ್ಷರ ಬೇಕು. ಚಿಕ್ಕದು ದೊಡ್ಡದರ ಎಡಕ್ಕೆ ಬಂದರೆ ಕಳೆಯಬೇಕು: ವಿ ಎಡಕ್ಕೆ ಐ ನಿಂತರೆ ನಾಲ್ಕು, ಎಕ್ಸ್ ಎಡಕ್ಕೆ ಐ ನಿಂತರೆ ಒಂಬತ್ತು. ಒಂದೇ ಅಕ್ಷರವನ್ನು ಮೂರಕ್ಕಿಂತ ಹೆಚ್ಚು ಸಲ ಬರೆಯಬಾರದು ಎಂದು ಶಾಲೆಯ ಪುಸ್ತಕ ಹೇಳುತ್ತದೆ. ರೋಮನ್ನರು ಮಾತ್ರ ಅಷ್ಟು ಕಟ್ಟುನಿಟ್ಟಾಗಿರಲಿಲ್ಲ. ಕೊಲೋಸಿಯಂನ ಐವತ್ತನಾಲ್ಕನೆಯ ಬಾಗಿಲ ಮೇಲೆ ಎಲ್ ಆದಮೇಲೆ ನಾಲ್ಕು ಗೀಟುಗಳೇ ಸಾಲಾಗಿ ನಿಂತಿವೆ.

ಇದರಲ್ಲಿ ಸೊನ್ನೆ ಇಲ್ಲ, ಸ್ಥಾನಬೆಲೆಯೂ ಇಲ್ಲ. 888 ಬರೆಯಲು ಕನ್ನಡಕ್ಕೆ ೮೮೮ ಎಂಬ ಮೂರು ಅಂಕಿ ಸಾಕು, ರೋಮನ್ನರಿಗೆ ಹನ್ನೆರಡು ಅಕ್ಷರ ಬೇಕು. ಆ ಅಕ್ಷರಗಳನ್ನು ಹಿಡಿದು ಗುಣಿಸುವುದು, ಭಾಗಿಸುವುದು ದೊಡ್ಡ ಕಷ್ಟ. ಅದಕ್ಕೇ ಯುರೋಪಿನಲ್ಲಿ ಲೆಕ್ಕ ಮಾಡುತ್ತಿದ್ದುದು ಮಣೆಯ ಮೇಲೆ, ಹರಳುಗಳನ್ನು ಸರಿಸುತ್ತ. ಬಂದ ಉತ್ತರವನ್ನು ಬರೆದಿಡುವುದಕ್ಕಷ್ಟೇ ರೋಮನ್ ಅಂಕಿ. 1202ರಲ್ಲಿ ಪೀಸಾದ ಲಿಯೊನಾರ್ದೊ, ಅಂದರೆ ಫಿಬೊನಾಚಿ, ಭಾರತೀಯರ ಒಂಬತ್ತು ಅಂಕಿ ಮತ್ತು ಸೊನ್ನೆಯ ಗುರುತನ್ನು ತನ್ನ ಪುಸ್ತಕದಲ್ಲಿ ವಿವರಿಸಿದ. ವ್ಯಾಪಾರಿಗಳು ಅದನ್ನು ಹಿಡಿದುಕೊಂಡರೂ ಎಲ್ಲರಿಗೂ ನಂಬಿಕೆ ಬರಲಿಲ್ಲ. 1299ರಲ್ಲಿ ಫ್ಲಾರೆನ್ಸಿನ ಹಣ ಬದಲಾಯಿಸುವವರ ಸಂಘ ಲೆಕ್ಕದ ಪುಸ್ತಕದಲ್ಲಿ ಹೊಸ ಅಂಕಿಗಳನ್ನು ಬರೆಯಕೂಡದೆಂದು ಕಟ್ಟಳೆ ಮಾಡಿತು. ಸೊನ್ನೆಗೆ ಒಂದು ಬಾಲ ಎಳೆದರೆ ಆರೋ ಒಂಬತ್ತೋ ಆಗಿಬಿಡುತ್ತದೆ. ಅಕ್ಷರದಲ್ಲಿ ಬರೆದದ್ದನ್ನು ಹಾಗೆ ತಿದ್ದಲಾಗದು.

ದೆಲ್ಲಾ ವಾಲ್ಲೆಯ ಕಾಲಕ್ಕೆ ಆ ಜಗಳ ಮುಗಿದಿತ್ತು. ಇಟಲಿಯ ವರ್ತಕರ ಪುಸ್ತಕಗಳಲ್ಲಿ ಭಾರತದಿಂದ ಅರಬರ ಕೈದಾಟಿ ಹೋದ ಅಂಕಿಗಳೇ ಇದ್ದವು. ಜಗಲಿಯ ಮರಳಿನ ಮೇಲೆ ಅವನು ನೋಡಿದ್ದು ತಾನು ದಿನವೂ ಬರೆಯುತ್ತಿದ್ದ ಅಂಕಿಗಳ ದಾಯಾದಿಗಳನ್ನು.

ಆ ಹುಡುಗರು ಬೆಳೆದು ನಾಯಕರ ಸೀಮೆಯಲ್ಲಿ ಊರ ಲೆಕ್ಕ ಬರೆಯುವ ಶಾನುಭೋಗರಾದರೆ ಅವರ ಕೈಗೆ ಬರುತ್ತಿದ್ದುದು ಕಡತ. ಹತ್ತಿಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಕಲಸಿ ಎರಡೂ ಮಗ್ಗುಲಿಗೆ ಬಳಿದು ಒಣಗಿಸಿದರೆ ಕಪ್ಪು ಹಲಗೆಯಂಥ ಮೈ ಬರುತ್ತದೆ. ಅದನ್ನು ಮಡಿಕೆ ಮಡಿಕೆಯಾಗಿ ಮಡಚಿ, ಎರಡು ತುದಿಗೆ ಮರದ ಪಟ್ಟಿ ಹಾಕಿ, ಬಳಪದ ಕಡ್ಡಿಯಿಂದ ಬರೆಯುವುದು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಚರಿತ್ರೆಯಲ್ಲಿ ಈ ಕಡತವನ್ನು ಅಳತೆಸಮೇತ ವರ್ಣಿಸಿದ್ದಾನೆ. ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದು, ಆದರೂ ಕಾಗದಕ್ಕಿಂತ ಹೆಚ್ಚು ಕಾಲ ಬಾಳುತ್ತದೆ ಎಂಬುದನ್ನು ಗಮನಿಸಿದ್ದಾನೆ.

ಕಡತದ ಲೆಕ್ಕದಲ್ಲಿ ಮೊದಲು ‘ಗ’ ಎಂಬ ಅಕ್ಷರ. ಗದ್ಯಾಣವೆಂಬ ಚಿನ್ನದ ನಾಣ್ಯದ ಗುರುತು ಅದು. ಆ ನಾಣ್ಯವನ್ನು ಜನ ವರಹ ಎನ್ನಲು ಶುರುಮಾಡಿ ಎಷ್ಟೋ ಕಾಲವಾದ ಮೇಲೂ ಬರಹದಲ್ಲಿ ‘ಗ’ ಉಳಿಯಿತು. ಅದರ ಮುಂದೆ ಕನ್ನಡ ಅಂಕಿ. ಅಂಕಿಯ ಮುಂದೆ ನೆಟ್ಟಗೆ ನಿಂತ ಗೀಟುಗಳು. ‘ಗ ೭|||’ ಎಂದಿದ್ದರೆ ರೋಮನ್ ಕಣ್ಣಿಗೆ ಅದು ಏಳು ಮತ್ತು ಮೂರು. ಇಲ್ಲಿನ ಶಾನುಭೋಗನಿಗೆ ಅದು ಏಳು ಮುಕ್ಕಾಲು ವರಹ. ಒಂದು ಗೀಟು ಕಾಲು, ಎರಡು ಗೀಟು ಅರೆ, ಮೂರು ಗೀಟು ಮುಕ್ಕಾಲು. ಕಾಲಿಗಿಂತ ಕಿರಿದಾದದ್ದಕ್ಕೆ ಮಲಗಿಸಿದ ಗೀಟು: ಒಂದು ಮಲಗಿದರೆ ವೀಸ, ಅಂದರೆ ಹದಿನಾರರಲ್ಲಿ ಒಂದು ಪಾಲು, ಎರಡಾದರೆ ಎಂಟರಲ್ಲಿ ಒಂದು, ಮೂರಾದರೆ ಮೂರು ವೀಸ. ವೀಸಕ್ಕೂ ಕೆಳಗೆ ಕಾಣಿ ಎಂಬ ಅರವತ್ತನಾಲ್ಕರ ಪಾಲು ಇತ್ತು.

ಗೀಟು ಒಂದೇ, ಅದು ಹೊತ್ತ ಅರ್ಥ ಬೇರೆ. ರೋಮಿನಲ್ಲಿ ಗೀಟು ಇಡಿಯನ್ನು ಎಣಿಸಿದರೆ ಇಲ್ಲಿ ಇಡಿಗೆ ಅಂಕಿಗಳಿದ್ದವು, ಸೊನ್ನೆ ಇತ್ತು. ಗೀಟಿಗೆ ಸಿಕ್ಕಿದ್ದು ಪಾಲಿನ ಕೆಲಸ. ಇಲ್ಲಿಯೂ ಗೀಟು ಮೂರಕ್ಕೆ ನಿಲ್ಲುತ್ತದೆ. ಆದರೆ ಆ ನಿಲುಗಡೆಗೆ ನಿಯಮದ ಒತ್ತಾಯ ಬೇಕಿಲ್ಲ. ನಾಲ್ಕನೆಯ ಕಾಲು ಬಂದೊಡನೆ ಗೀಟುಗಳೆಲ್ಲ ಅಳಿದು ಎಡಗಡೆಯ ಅಂಕಿ ಒಂದು ಹೆಚ್ಚುತ್ತದೆ. ನಾಲ್ಕನೆಯ ವೀಸ ಬಂದರೆ ಮಲಗಿದ ಗೀಟುಗಳು ಹೋಗಿ ಒಂದು ಗೀಟು ಎದ್ದು ನಿಲ್ಲುತ್ತದೆ. ಇಷ್ಟು ಚಿಕ್ಕ ಸಲಕರಣೆಯಲ್ಲಿ ಇಷ್ಟು ಅಚ್ಚುಕಟ್ಟು ಇರುವುದು ಕಂಡರೆ, ಇದನ್ನು ಕಟ್ಟಿದ ಹೆಸರಿಲ್ಲದ ಲೆಕ್ಕಿಗರ ಬಗ್ಗೆ ಗೌರವ ಮೂಡದಿರದು. ಈ ಗುರುತುಗಳು ಕನ್ನಡದ ಸ್ವತ್ತು ಮಾತ್ರವಲ್ಲ. ಉತ್ತರದ ಎಷ್ಟೋ ಲಿಪಿಗಳಲ್ಲೂ ಇದೇ ಕ್ರಮ ಇತ್ತು. 2009ರಲ್ಲಿ ಯೂನಿಕೋಡ್ ಈ ಭಿನ್ನರಾಶಿಯ ಗೀಟುಗಳಿಗೆ ಕಂಪ್ಯೂಟರಿನಲ್ಲಿ ಜಾಗ ಕೊಟ್ಟಿತು.

ಹಣದ ಪಾಲುಗಳಿಗೆ ಬಾಯಲ್ಲಿ ಬೇರೆ ಹೆಸರುಗಳೇ ಇದ್ದವು. ಹತ್ತು ಹಣಕ್ಕೆ ಒಂದು ವರಹ. ಅರ್ಧ ಹಣ ಅಡ್ಡ, ಕಾಲು ಹಣ ಹಾಗ, ಅದರರ್ಧ ಬೇಳೆ. ಇವನ್ನೆಲ್ಲ ಕೂಡಿ ಕಳೆಯಲು ಮಠದ ಹುಡುಗರು ಪೂರ್ಣಸಂಖ್ಯೆಯ ಮಗ್ಗಿಯ ಜೊತೆಗೆ ಕಾಲಿನ ಮಗ್ಗಿ, ಅರೆಯ ಮಗ್ಗಿ, ಮುಕ್ಕಾಲಿನ ಮಗ್ಗಿಗಳನ್ನೂ ಬಾಯಿಪಾಠ ಮಾಡಬೇಕಿತ್ತು. ಕನ್ನಡದಲ್ಲಿ ಇಂಥ ವ್ಯವಹಾರದ ಲೆಕ್ಕಕ್ಕೆ ಹಳೆಯ ಶಾಸ್ತ್ರಬೆಂಬಲವೂ ಇತ್ತು. ಹನ್ನೆರಡನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ.

ಈ ಲೆಕ್ಕ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದದ್ದು ಶಿವಪ್ಪ ನಾಯಕನ ಕಾಲದಲ್ಲಿ. 1645ರಿಂದ 1660ರವರೆಗೆ ಬಿದನೂರಿನಿಂದ, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರದಿಂದ ಆಳಿದವನು ಅವನು. ಮಲೆನಾಡಿನಲ್ಲಿ ಇಂದಿಗೂ ಶಿವಪ್ಪ ನಾಯಕನ ಸಿಸ್ತು ಎಂದರೆ ಭೂಮಿಯ ಮೇಲೆ ಅವನು ಕಟ್ಟಿದ ಕಂದಾಯದ ಕ್ರಮ. ಗದ್ದೆಯನ್ನು ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ ಎಂದು ಐದು ತರಗತಿ ಮಾಡಿದ. ಅದರ ಅಳತೆ ಬಿತ್ತನೆ ಬೀಜದಿಂದ: ಇಷ್ಟು ಖಂಡುಗದ ಗದ್ದೆ, ಇಷ್ಟು ಕೊಳಗದ ಗದ್ದೆ. ಇಪ್ಪತ್ತು ಕೊಳಗ ಒಂದು ಖಂಡುಗ. ಸಾಗುವಳಿ ಮಾಡಿಸಿ ಹನ್ನೆರಡು ವರ್ಷದ ಬೆಳೆಯ ಸರಾಸರಿ ನೋಡಿ ಸಿಸ್ತು ನಿಗದಿ ಮಾಡಿದನೆಂಬ ಮಾತು ಪರಂಪರೆಯಲ್ಲಿ ಬಂದಿದೆ. ಹನ್ನೆರಡು ವರ್ಷದ ಏರಿಳಿತವನ್ನು ಒಂದು ಸಂಖ್ಯೆಗೆ ಇಳಿಸಬೇಕಾದರೆ ಸ್ಥಾನಬೆಲೆಯ ಅಂಕಿ ಬೇಕೇ ಬೇಕು, ಕಾಲು ವೀಸದ ಗೀಟೂ ಬೇಕು.

ಅಡಿಕೆ ತೋಟಕ್ಕೆ ಅಳತೆ ಬೇರೆ. ಸಾಗರದಿಂದ ಆರೇಳು ಕಿಲೋಮೀಟರ್ ದೂರದ ಇಕ್ಕೇರಿಯಲ್ಲಿ ಅಘೋರೇಶ್ವರ ದೇವಸ್ಥಾನವಿದೆ. ಅದರ ನಡುಗಂಬಗಳ ನಡುವಿನ ಅಂತರವೇ ತೋಟದ ಭೂಮಿಗೆ ಅಳತೆಗೋಲಾಗಿತ್ತು ಎಂದು ಬಿ.ಎಲ್. ರೈಸ್ ಮೈಸೂರು ಗೆಜೆಟಿಯರಿನಲ್ಲಿ ಬರೆದಿದ್ದಾರೆ. ಅಷ್ಟು ಉದ್ದದ ಕೋಲು ಇಂಗ್ಲಿಷ್ ಅಳತೆಯಲ್ಲಿ 18 ಅಡಿ 6 ಅಂಗುಲ. ಆ ಅಳತೆಯ ಜಾಗಕ್ಕೆ ದಾಯ ಎಂದು ಹೆಸರು. ಸಾವಿರ ದಾಯಕ್ಕೆ ಇಷ್ಟು ಎಂದು ಸಿಸ್ತು. ಅಳತೆಗೋಲನ್ನು ಅಧಿಕಾರಿಯ ಮನೆಯಲ್ಲಿಟ್ಟರೆ ಮೊಳ ಕಡಿಮೆಯಾಗಬಹುದು, ಹೆಚ್ಚಾಗಬಹುದು. ಕಲ್ಲಿನ ಕಂಬಗಳ ನಡುವಿನ ಅಂತರವನ್ನು ಯಾರೂ ಬದಲಿಸಲಾರರು, ಅನುಮಾನ ಬಂದ ರೈತ ಯಾವ ದಿನವಾದರೂ ಹೋಗಿ ಅಳೆದು ನೋಡಬಹುದು. ಇಂದು ಆ ಗುಡಿಗೆ ಬರುವ ಪ್ರವಾಸಿಗಳು ಕೆತ್ತನೆ ನೋಡುತ್ತಾರೆ, ಚಿತ್ರ ತೆಗೆಯುತ್ತಾರೆ. ಎರಡು ಕಂಬಗಳ ನಡುವಿನ ಖಾಲಿ ಜಾಗವೂ ನೋಡತಕ್ಕದ್ದೇ.

ಬರೆದ ಅಂಕಿಯನ್ನು ಯಾರಾದರೂ ತಿದ್ದಿಯಾರೆಂದು ಫ್ಲಾರೆನ್ಸಿನವರಿಗಿದ್ದ ಭಯ ಇಲ್ಲಿಯೂ ಇತ್ತು. ಆದರೆ ಇಲ್ಲಿನವರು ಅಂಕಿಯನ್ನು ನಿಷೇಧಿಸಲಿಲ್ಲ. ದಾನಪತ್ರದಲ್ಲಿ, ತಾಮ್ರಶಾಸನದಲ್ಲಿ ಮೊತ್ತವನ್ನು ಅಂಕೆಯಲ್ಲಿ ಬರೆದು, ಬೆನ್ನಿಗೇ ಅಕ್ಷರದಲ್ಲೂ ಬರೆಯುತ್ತಿದ್ದರು. ಇಂದಿನ ಬ್ಯಾಂಕಿನ ಚೆಕ್ಕಿನಲ್ಲಿ ಮಾಡುವುದೂ ಅದನ್ನೇ. ಕಾಲವನ್ನು ಹೇಳುವಾಗ ಇನ್ನೂ ಒಂದು ಕಾವಲು: ಶಕವರ್ಷದ ಜೊತೆಗೆ ಸಂವತ್ಸರದ ಹೆಸರು. ಶಕವರ್ಷಕ್ಕೆ ಹನ್ನೆರಡು ಕೂಡಿ ಅರವತ್ತರಿಂದ ಭಾಗಿಸಿದರೆ ಉಳಿದ ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಶಿವಪ್ಪ ನಾಯಕ ಪಟ್ಟವೇರಿದ ಶಕ 1567ಕ್ಕೆ ಹನ್ನೆರಡು ಕೂಡಿದರೆ 1579, ಅರವತ್ತರಿಂದ ಭಾಗಿಸಿದರೆ ಶೇಷ 19, ಹತ್ತೊಂಬತ್ತನೆಯದು ಪಾರ್ಥಿವ. ಕಲ್ಲಿನ ಮೇಲೆ ಒಂದು ಅಂಕಿ ಸವೆದುಹೋದರೂ ಸಂವತ್ಸರದ ಹೆಸರು ಉಳಿದಿದ್ದರೆ ಹೋದ ಅಂಕಿಯನ್ನು ಪತ್ತೆ ಮಾಡಬಹುದು.

ಹೊಸನಗರ ತಾಲ್ಲೂಕಿನ ಹುಂಚದಲ್ಲಿ ಚಟ್ಟಲದೇವಿ ಕಟ್ಟಿಸಿದ ಪಂಚಕೂಟ ಬಸದಿಯ ಕಾಲ 1077, ಅಂದರೆ ಶಕ 999. ಲೆಕ್ಕ ಹಾಕಿದರೆ ಪಿಂಗಳ ಸಂವತ್ಸರ ಬರುತ್ತದೆ. ಹುಂಚದ ಶಾಂತರರು ಆಳಿದ ನಾಡಿನ ಹೆಸರಿನಲ್ಲೇ ಒಂದು ಸಂಖ್ಯೆ ಇತ್ತು: ಸಾಂತಳಿಗೆ ಸಾವಿರ. ಇಂದಿನ ಹೊಸನಗರ, ತೀರ್ಥಹಳ್ಳಿ ಸೀಮೆಯನ್ನು ಒಳಗೊಂಡ ನಾಡು ಅದು. ಪಕ್ಕದಲ್ಲೇ ಬನವಾಸಿ ಹನ್ನೆರಡು ಸಾವಿರ. ಆ ಸಂಖ್ಯೆ ಹಳ್ಳಿಗಳ ಎಣಿಕೆಯೋ ಹುಟ್ಟುವಳಿಯ ಎಣಿಕೆಯೋ ಎಂದು ವಿದ್ವಾಂಸರು ಬಹುಕಾಲದಿಂದ ಚರ್ಚಿಸಿದ್ದಾರೆ. ಜನರಿಗೆ ಅದು ಸಂಖ್ಯೆಯಾಗಿ ಉಳಿದಿರಲಿಲ್ಲ, ಊರಿನ ಹೆಸರಿನಷ್ಟೇ ಸಹಜವಾದ ಮಾತಾಗಿತ್ತು.

ಕವಿಗಳು ಸಂಖ್ಯೆಯನ್ನು ಮಾತಿನಲ್ಲೇ ಅಡಗಿಸುತ್ತಿದ್ದರು. ಚಂದ್ರ ಎಂದರೆ ಒಂದು, ಕಣ್ಣು ಎರಡು, ವೇದ ನಾಲ್ಕು, ಬಾಣ ಐದು, ಋತು ಆರು, ಬೆಟ್ಟ ಏಳು, ಆಕಾಶ ಸೊನ್ನೆ. ಇಂಥ ಪದಗಳನ್ನು ಜೋಡಿಸಿ ಬಲದಿಂದ ಎಡಕ್ಕೆ ಇಟ್ಟರೆ ವರ್ಷ ಸಿಗುತ್ತದೆ. ಕೆಳದಿಯ ಬಸಪ್ಪ ನಾಯಕ 1709ರಲ್ಲಿ ಮುಗಿಸಿದ ಸಂಸ್ಕೃತದ ‘ಶಿವತತ್ತ್ವರತ್ನಾಕರ’ದ ವಿಭಾಗಗಳಿಗೂ ಅಂಕಿಯ ಹಿಂದೆ ಒಂದು ಭಾವವಿದೆ: ಒಂಬತ್ತು ಕಲ್ಲೋಲ, ಅವುಗಳೊಳಗೆ ನೂರೆಂಟು ತರಂಗ.

ಈ ಬಸಪ್ಪ ನಾಯಕನನ್ನು ಇಂಗ್ಲಿಷ್ ಪುಸ್ತಕಗಳು ಹೆಸರಿನ ಪಕ್ಕ ರೋಮನ್ ಒಂದರ ಗೀಟು ಹಾಕಿ ಗುರುತಿಸುತ್ತವೆ. 1739ರಲ್ಲಿ ಪಟ್ಟಕ್ಕೆ ಬಂದ ಇನ್ನೊಬ್ಬ ಬಸಪ್ಪನಿಗೆ ಎರಡು ಗೀಟು. ಸೋಮಶೇಖರರಿಬ್ಬರಿಗೂ ಹಾಗೆಯೇ, ವೆಂಕಟಪ್ಪರಿಬ್ಬರಿಗೂ ಹಾಗೆಯೇ. ಅರಮನೆಯಲ್ಲಿ, ಊರಲ್ಲಿ ಅವರನ್ನು ಯಾರೂ ಹೀಗೆ ಎಣಿಸುತ್ತಿರಲಿಲ್ಲ. ಅವರು ಹಿರಿಯ ವೆಂಕಟಪ್ಪ ನಾಯಕ, ಹಿರಿಯ ಬಸಪ್ಪ ನಾಯಕ, ಕಿರಿಯ ಬಸಪ್ಪ ನಾಯಕ. ಅವರಿಗಿಂತ ಹಿಂದಿನ ಅಣ್ಣತಮ್ಮಂದಿರು ದೊಡ್ಡ ಸಂಕಣ್ಣ, ಚಿಕ್ಕ ಸಂಕಣ್ಣ. ಮಲೆನಾಡಿನ ಯಾವ ಕೂಡುಕುಟುಂಬದಲ್ಲೂ ಅಜ್ಜನ ಹೆಸರು ಮೊಮ್ಮಗನಿಗಿಟ್ಟಾಗ ಕರೆಯುವ ರೀತಿ ಇದೇ. ಇಕ್ಕೇರಿಯ ಗುಡಿಯ ನೆಲದ ಮೇಲೆ ಮೂವರು ನಾಯಕರು ಸಾಷ್ಟಾಂಗ ಎರಗಿದಂತೆ ಕೆತ್ತಿದ್ದಾರೆ, ಒಬ್ಬೊಬ್ಬರಿಗೂ ಹೆಸರು ಬರೆದಿದ್ದಾರೆ. ಕೈಕಾಲಿಗೆ ಸಂಕೋಲೆ ತೊಟ್ಟ ಒಬ್ಬನನ್ನು ಹುಚ್ಚ ಸೋಮಶೇಖರ ಎಂದು ಗುರುತಿಸುತ್ತಾರೆ. ಕಾಯಿಲೆಯಿಂದ ಬುದ್ಧಿ ಕಲಕಿ, 1671ರಲ್ಲಿ ಕೊಲೆಯಾಗಿ, ರಾಜ್ಯವನ್ನು ರಾಣಿ ಚೆನ್ನಮ್ಮನ ಕೈಗೆ ಬಿಟ್ಟುಹೋದವನು. ಚರಿತ್ರೆಯ ಪುಸ್ತಕದ ಗೀಟು ಅವನು ಎಷ್ಟನೆಯವನೆಂದು ಹೇಳುತ್ತದೆ. ಅವನಿಗೇನಾಯಿತೆಂದು ಹೇಳುವುದು ಕಲ್ಲಿನ ಮೇಲಿನ ಹೆಸರು.

ಕನ್ನಡಕ್ಕೆ ರಾಜರನ್ನು ಎಣಿಸುವ ಪದಗಳು ಇರಲಿಲ್ಲವೆಂದಲ್ಲ. ಇಮ್ಮಡಿ ಪುಲಕೇಶಿ, ಮುಮ್ಮಡಿ ಕೃಷ್ಣರಾಜ, ನಾಲ್ವಡಿ ಕೃಷ್ಣರಾಜ ಎಂಬ ಹೆಸರುಗಳು ಎಲ್ಲರ ಬಾಯಲ್ಲಿವೆ. ಒತ್ತಿ ಹೇಳಿದರೆ ಅದೇ ಬಿರುದಿನಂತೆ ಕೇಳಿಸುತ್ತದೆ. ಹೆಸರಿನ ಬಾಲಕ್ಕೆ ಗೀಟು ಅಂಟಿಸುವ ಇಂಗ್ಲಿಷ್ ಪದ್ಧತಿಗಿಂತ ಇದು ಎಷ್ಟೋ ಚೆಲುವಾದದ್ದು.

ಗೀಟು ಅಂಟಿಸಿದವರ ಋಣವೂ ಸಣ್ಣದಲ್ಲ. ರೈಸ್ ಅವರು 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಎಂಟನೆಯ ಸಂಪುಟ ಪೂರ್ತಿಯಾಗಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳದ್ದು. ಆ ಸಂಪುಟದ ಹಣೆಯ ಮೇಲೆ ಎಂಟನ್ನು ರೋಮನ್ ಅಂಕಿಯಲ್ಲೇ ಅಚ್ಚು ಹಾಕಿದ್ದಾರೆ. ಸಂಪುಟಕ್ಕೆ ರೋಮನ್, ಒಳಗಿನ ಶಾಸನಕ್ಕೆ ಸಾಮಾನ್ಯ ಅಂಕಿ. ಹುಂಚದ ಪಂಚಕೂಟ ಬಸದಿಯ ದೊಡ್ಡ ಶಾಸನ ‘ನಗರ 35’. ಎರಡು ಬಗೆಯ ಅಂಕಿ ಇದ್ದುದರಿಂದ ಸಂಪುಟದ ಸಂಖ್ಯೆಯೂ ಶಾಸನದ ಸಂಖ್ಯೆಯೂ ಬೆರೆಯಲಿಲ್ಲ. ಪುಸ್ತಕದ ಮುನ್ನುಡಿಯ ಪುಟಗಳಿಗೆ ಇಂದಿಗೂ ರೋಮನ್ ಅಂಕಿ ಹಾಕುವುದಕ್ಕೂ ಇದೇ ಕಾರಣ.

ಓದುಬರಹದಿಂದ ದೂರವಿದ್ದ ಮನೆಗಳಿಗೆ ರೋಮನ್ ಅಂಕಿ ಬಂದದ್ದು ನಾಣ್ಯದ ಮೂಲಕ. ನಾಯಕರ ಇಕ್ಕೇರಿ ವರಹದ ಮೇಲೆ ಅಂಕಿ ಇರಲಿಲ್ಲ. ಒಂದು ಮುಖದಲ್ಲಿ ಶಿವಪಾರ್ವತಿಯರು, ಇನ್ನೊಂದರಲ್ಲಿ ನಾಗರಿಯಲ್ಲಿ ಶ್ರೀ ಸದಾಶಿವ ಎಂಬ ಬರಹ. ಟಂಕಸಾಲೆ ಬಿದನೂರಿಗೆ ಹೋದ ಮೇಲೂ ಜನ ಇಕ್ಕೇರಿ ವರಹವೆಂದೇ ಕರೆದರು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಹೈದರ್‌ನಗರವೆಂದು ಹೆಸರಿಟ್ಟಾಗಲೂ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡು, ಹಿಂಬದಿಗೆ ತನ್ನ ಹೆಸರಿನ ಮೊದಲ ಪರ್ಷಿಯನ್ ಅಕ್ಷರ ಮಾತ್ರ ಹಾಕಿಸಿದ. ಟಿಪ್ಪುವಿನ ಕಾಲದಲ್ಲಿ ನಗರದ ಟಂಕಸಾಲೆಯಲ್ಲಿ ಅಚ್ಚಾದ ನಾಣ್ಯಗಳಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಅವನು ಹೊಸದಾಗಿ ತಂದ ಮೌಲೂದಿ ಶಕೆಯ ವರ್ಷವನ್ನು ಬಲದಿಂದ ಎಡಕ್ಕೆ ಬರೆಸಿದ. 1215 ಎಂಬುದು ನಾಣ್ಯದ ಮೇಲೆ 5121ರಂತೆ ಕಾಣುತ್ತದೆ.

ಆಮೇಲೆ ಬಂದದ್ದು ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸು. ಮೈಸೂರಿನ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಹೋಗಿ 1843ರಲ್ಲಿ ಮುಚ್ಚುವವರೆಗೆ ಅಚ್ಚಾದ ಇವುಗಳಲ್ಲಿ ಹಲವದರ ಮೇಲೆ ಆನೆಯ ಚಿತ್ರ, ಅದರ ಮೇಲೆ ‘ಶ್ರೀ’, ಆಚೀಚೆ ಸೂರ್ಯಚಂದ್ರರು. ಕನ್ನಡದಲ್ಲಿ ‘ಮಯಿಲಿ ಕಾಸು ೨೦’ ಎಂದು ಬರೆದು, ಅದೇ ನಾಣ್ಯದ ಮೇಲೆ ಇಂಗ್ಲಿಷಿನಲ್ಲಿ ಎಕ್ಸ್ ಎಕ್ಸ್ ಕ್ಯಾಶ್ ಎಂದು ಅಚ್ಚೊತ್ತಿದ್ದಾರೆ. ಹತ್ತರ ಕಾಸಿಗೆ ಒಂದು ಎಕ್ಸ್, ಐದರದ್ದಕ್ಕೆ ವಿ. ಒಂದೇ ತಾಮ್ರದ ಬಿಲ್ಲೆಯಲ್ಲಿ ಸೊನ್ನೆ ಇರುವ ಇಪ್ಪತ್ತೂ ಸೊನ್ನೆ ಇಲ್ಲದ ಇಪ್ಪತ್ತೂ ಎದುರುಬದುರಾಗಿ ಕೂತವು. ಸಂತೆಯಲ್ಲಿ ಉಪ್ಪುಮೆಣಸು ಕೊಳ್ಳುವ ಹೆಂಗಸು ಯಾವುದನ್ನು ಓದಿದಳೋ, ಆನೆಯ ಗಾತ್ರ ನೋಡಿಯೇ ಬೆಲೆ ತಿಳಿದಳೋ!

1835ರಲ್ಲಿ ಕಂಪನಿ ಸರ್ಕಾರ ದೇಶಕ್ಕೆಲ್ಲ ಒಂದೇ ರೂಪಾಯಿ ತಂದಾಗ ಅದರ ಮೇಲೆ ನಾಲ್ಕನೆಯ ವಿಲಿಯಂನ ತಲೆ. ಹೆಸರಿನ ಪಕ್ಕದ ನಾಲ್ಕನ್ನು ಶಾಲೆಯ ನಿಯಮದಂತೆ ಬರೆಯದೆ ನಾಲ್ಕು ಗೀಟು ನಿಲ್ಲಿಸಿದ್ದರು, ಕೊಲೋಸಿಯಂನ ಬಾಗಿಲಿನಂತೆ, ಹಳೆಯ ಗೋಡೆ ಗಡಿಯಾರದ ಮುಖದಂತೆ. ವಿಕ್ಟೋರಿಯಾಳ ಹೆಸರಿಗೆ ಅಂಕಿ ಬೇಕಾಗಲಿಲ್ಲ. ಆಮೇಲೆ ಏಳನೆಯ ಎಡ್ವರ್ಡ್, ಐದನೆಯ ಜಾರ್ಜ್, ಆರನೆಯ ಜಾರ್ಜ್ ಸಾಲಾಗಿ ಬಂದರು. ಅಡಿಕೆ ಮಾರಿದ ದುಡ್ಡಾಗಿ ಮಲೆನಾಡಿನ ಪೆಟ್ಟಿಗೆಗಳೊಳಗೆ ಈ ಅಂಕಿಗಳು ಸೇರಿಕೊಂಡವು. ತಾಳಗುಪ್ಪದ ದಾರಿಯ ರೈಲುಗಾಡಿ ಸಾಗರಕ್ಕೆ ಬಂದ ಮೇಲೆ ಡಬ್ಬಿಯ ಮೈಮೇಲೂ ಗೀಟುಗಳು: ಒಂದು ಗೀಟಿದ್ದರೆ ಮೆತ್ತೆಯ ಸೀಟು, ಮೂರು ಗೀಟಿದ್ದರೆ ಮರದ ಹಲಗೆ. ಇಲ್ಲಿ ಗೀಟು ಹೆಚ್ಚಿದಷ್ಟೂ ದರ್ಜೆ ಇಳಿಯುತ್ತಿತ್ತು. ಮೂರನೆಯ ದರ್ಜೆಯನ್ನು ರೈಲ್ವೆ 1974ರಲ್ಲಿ ತೆಗೆದುಹಾಕಿತು. ಹೈಸ್ಕೂಲಿನ ಕೋಣೆಯ ಬಾಗಿಲ ಮೇಲೆ ಮಾತ್ರ ಎಂಟು, ಒಂಬತ್ತು, ಹತ್ತು ಎಂಬ ತರಗತಿಗಳು ರೋಮನ್ ವೇಷದಲ್ಲಿ ಇನ್ನೂ ಇವೆ.

ಗಮನಿಸಿದರೆ, ಮೈಸೂರಿನ ಕಾಸನ್ನು ಬಿಟ್ಟು ಬಂದ ಕಡೆಯಲ್ಲೆಲ್ಲ ರೋಮನ್ ಅಂಕಿಗೆ ಸಿಕ್ಕಿದ್ದು ಸಾಲು ಹೇಳುವ, ಅಂತಸ್ತು ಹೇಳುವ ಕೆಲಸ. ಎಷ್ಟನೆಯ ರಾಜ, ಎಷ್ಟನೆಯ ಸಂಪುಟ, ಎಷ್ಟನೆಯ ದರ್ಜೆ. ಲೆಕ್ಕದ ಪುಸ್ತಕದೊಳಗೆ ಅದಕ್ಕೆ ಜಾಗವಿರಲಿಲ್ಲ. ಅಲ್ಲಿ ಕನ್ನಡ ಅಂಕಿಯೂ ಹಳೆಯ ಗೀಟೂ ವರಹದಿಂದ ರೂಪಾಯಿಗೆ ದಾಟಿಕೊಂಡವು. ದಾಟುವುದು ಸುಲಭವೇ ಆಗಿತ್ತು: ರೂಪಾಯಿಗೆ ಹದಿನಾರಾಣೆ, ಆದ್ದರಿಂದ ವೀಸದ ಮಲಗಿದ ಗೀಟು ಒಂದಾಣೆಯಾಯಿತು, ಕಾಲಿನ ನಿಂತ ಗೀಟು ನಾಲ್ಕಾಣೆಯಾಯಿತು. ‘೫|||=’ ಎಂದರೆ ಐದು ರೂಪಾಯಿ ಹದಿನಾಲ್ಕಾಣೆ. ಅಚ್ಚಿನ ಮನೆಗಳು ಈ ಗೀಟನ್ನು ಹಿಡಿಯಲಿಲ್ಲ. ಹಳೆಯ ಕನ್ನಡ ಪುಸ್ತಕಗಳ ಬೆಲೆ 1-8-0 ಎಂದು ರೂಪಾಯಿ, ಆಣೆ, ಪೈಗಳಾಗಿ ಅಚ್ಚಾಗಿರುತ್ತದೆ. ಕೈಬರಹದ ಖಾತೆಗಳಲ್ಲಿ ಗೀಟು ನಡೆಯಿತು.

1957ರ ಏಪ್ರಿಲ್ 1ರಂದು ರೂಪಾಯಿ ನೂರು ನಯಾಪೈಸೆಯಾಯಿತು. ನೂರನ್ನು ನಾಲ್ಕು ಪಾಲು ಮಾಡಬಹುದು, ಹದಿನಾರು ಪಾಲು ಮಾಡಿದರೆ ಆರೂಕಾಲು ಬರುತ್ತದೆ. ವೀಸದ ಗೀಟಿಗೆ ಬದುಕಲು ದಾರಿ ಉಳಿಯಲಿಲ್ಲ. ಸೇರು, ಮಣಗಳು ಕಿಲೋ, ಕ್ವಿಂಟಲ್‌ಗಳಿಗೆ ಜಾಗ ಬಿಟ್ಟ ಮೇಲೆ ಕಾಲಿನ ಮಗ್ಗಿಯನ್ನು ಹೇಳಿಸುವ ಅಗತ್ಯವೂ ಹೋಯಿತು. ಬಾಯಲ್ಲಿ ಮಾತ್ರ ಇಪ್ಪತ್ತೈದು ಪೈಸೆ ನಾಲ್ಕಾಣೆಯಾಗಿ, ಐವತ್ತು ಪೈಸೆ ಎಂಟಾಣೆಯಾಗಿ ಉಳಿದವು. ನಾಲ್ಕಾಣೆಯ ನಾಣ್ಯ 2011ರ ಜೂನ್ ಕೊನೆಗೆ ಚಲಾವಣೆಯಿಂದ ಹೋಯಿತು.

ಸಾಗರದ ಪಕ್ಕದ ಕೆಳದಿಯ ಸಂಗ್ರಹಾಲಯದಲ್ಲಿ ಇತಿಹಾಸಕಾರ ಗುಂಡಾ ಜೋಯಿಸರು ಮನೆಮನೆಯಿಂದ ಸಂಗ್ರಹಿಸಿದ ತಾಳೆಗರಿಗಳಿವೆ, ಕಡತಗಳಿವೆ. ಇಂಥ ಬರಹ ಓದಬೇಕೆಂದು ಬರುವ ವಿದ್ಯಾರ್ಥಿ ಅಕ್ಷರಗಳನ್ನು ಹೇಗೋ ಬಿಡಿಸಿಕೊಳ್ಳಬಹುದು. ತೊಡಕಾಗುವುದು ಗೀಟಿನಲ್ಲಿ. ಅಂಕಿಯ ಮುಂದಿನ ಮೂರು ಗೀಟನ್ನು ಮೂರೆಂದೋ ನೂರಹನ್ನೊಂದೆಂದೋ ಓದಿದರೆ ಇಡೀ ಹಳ್ಳಿಯ ಕಂದಾಯ ತಲೆಕೆಳಗಾಗುತ್ತದೆ. ಹಳೆಯ ಲಿಪಿ ಕಲಿಸುವ ಕಡೆ ಅಕ್ಷರಮಾಲೆಯ ಜೊತೆಗೆ ಈ ಕಾಲು ವೀಸದ ಗೀಟುಗಳನ್ನೂ ಕಲಿಸಲೇಬೇಕು.

ಮಲೆನಾಡಿನ ಮನೆಗಳಲ್ಲಿ ಗೀಟಿಗೆ ಇನ್ನೊಂದು ಕೆಲಸವೂ ಇತ್ತು. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಒಬ್ಬೊಬ್ಬರು ಡಬ್ಬ ತುಂಬಿ ಸುರಿದಂತೆಲ್ಲ ಗೋಡೆಯ ಮೇಲೆ ಇದ್ದಿಲಿನಿಂದ ಒಂದೊಂದು ಗೀಟು. ನಾಲ್ಕು ನಿಂತ ಮೇಲೆ ಐದನೆಯದನ್ನು ಅವುಗಳ ಮೇಲೆ ಅಡ್ಡಲಾಗಿ ಎಳೆಯುವುದು. ರೋಮನ್ನರ ಅಂಕಿ ಹುಟ್ಟಿದ್ದೂ ಹೀಗೆ ಕೋಲಿನ ಮೇಲೆ ಕಚ್ಚು ಹಾಕಿ ಎಣಿಸುವ ರೂಢಿಯಿಂದಲೇ ಎಂದು ಬಹಳ ವಿದ್ವಾಂಸರು ನಂಬುತ್ತಾರೆ. ಗೋಡೆಯ ಗೀಟು ಇಡೀ ಡಬ್ಬದ್ದು, ಒಳಗೆ ಪೆಟ್ಟಿಗೆಯಲ್ಲಿದ್ದ ಖಾತೆಯ ಗೀಟು ನಾಲ್ಕಾಣೆಯದು. ಬೆಳಗಾದರೆ ಮನೆಯ ಯಜಮಾನ ಗೋಡೆಯ ಗೀಟುಗಳನ್ನು ಎಣಿಸಿ, ಒಬ್ಬೊಬ್ಬರ ಹೆಸರಿನ ಮುಂದೆ ಕೂಲಿಯನ್ನು ಅಂಕಿ ಗೀಟುಗಳಲ್ಲಿ ಬರೆದು, ಮುಂದಿನ ರಾತ್ರಿಗೆಂದು ಗೋಡೆ ಒರೆಸಿಡುತ್ತಿದ್ದ.